ಅಜ್ಜಿಯ ಮಂಡಿನೋವಿನ ಔಷಧಿ ಮತ್ತು ಮಾಯವಾದ ರಣಹದ್ದುಗಳು

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿದ್ದೀರ ಅಂದ್ಕೊಂಡು ಶುರು ಮಾಡ್ತೀನಿ. ಇವತ್ತಿನ ಇತಿಹಾಸ ಶುರುವಾಗೋದು ಯಾವ ಕೋಟೆಯಿಂದಲೂ ಅಲ್ಲ, ನಮ್ಮ ಅಜ್ಜಿಯ ಮಂಡಿಯಿಂದ.

ಅಜ್ಜಿ ಇರೋದು ಚನ್ನಪಟ್ಟಣದ ಹತ್ತಿರದ ಹಳ್ಳಿಯಲ್ಲಿ. ಹೋದ ತಿಂಗಳು ಊರಿಗೆ ಹೋದಾಗ ಅವರ ಮಂಡಿಗೆ ಮುಲಾಮು ಹಚ್ಚುತ್ತಾ ಟ್ಯೂಬ್ ಮೇಲಿನ ಹೆಸರು ಓದಿದೆ. ಡೈಕ್ಲೋಫೆನಾಕ್. ಈ ಹೆಸರನ್ನ ನಾನು ಆ ವಾರವಷ್ಟೇ ಬೇರೆ ಕಡೆ ಓದಿದ್ದೆ, ರಣಹದ್ದುಗಳ ಬಗ್ಗೆ ಇದ್ದ ಒಂದು ಅಧ್ಯಯನದಲ್ಲಿ. ಹದ್ದು ಅಂದ ಕೂಡಲೇ ಅಜ್ಜಿ ಹೇಳಿದ್ದು: "ಮೊದಲೆಲ್ಲ ದನ ಸತ್ರೆ ಊರಾಚೆ ಎಳೆದು ಹಾಕೋರು ಮಗಾ. ಸಂಜೆ ಹೊತ್ತಿಗೆ ಮೂಳೆ ಮಾತ್ರ ಉಳಿಯೋದು. ಈಗೆಲ್ಲಿ ಹದ್ದು? ಬರೀ ನಾಯಿ."

ಬರೀ ನಾಯಿ. ಈ ಮಾತನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ರಾಜಸ್ಥಾನದ ಭರತಪುರಕ್ಕೆ ಹೋಗೋಣ. ಅಲ್ಲಿನ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ 1980ರ ದಶಕದಲ್ಲಿ ವಿಭು ಪ್ರಕಾಶ್ ಅನ್ನೋ ಪಕ್ಷಿತಜ್ಞರು ಹದ್ದುಗಳ ಗೂಡು ಎಣಿಸ್ತಿದ್ದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು. ಆಗ ಅಲ್ಲಿ ಬಿಳಿಬೆನ್ನಿನ ರಣಹದ್ದಿನ ಸುಮಾರು 350 ಗೂಡುಗಳಿದ್ದವು. 1996ರ ಹೊತ್ತಿಗೆ ಮತ್ತೆ ಎಣಿಸಿದಾಗ ಅರ್ಧಕ್ಕಿಂತ ಕಡಿಮೆ. ಕೆಲವೇ ವರ್ಷಗಳಲ್ಲಿ ಒಂದು ಗೂಡೂ ಇಲ್ಲ. ಕತ್ತು ಜೋತುಬಿಟ್ಟು ಕೊಂಬೆ ಮೇಲೆ ಕೂತ ಹಕ್ಕಿ ಹಾಗೇ ಕೆಳಕ್ಕೆ ಬಿದ್ದು ಸಾಯ್ತಿತ್ತು.

ಯಾಕೆ ಅಂತ ಗೊತ್ತಾಗಲಿಲ್ಲ. ಮೇವು ಕಡಿಮೆಯಾಯ್ತಾ? ದನಗಳ ಶವ ಬೇಕಾದಷ್ಟು ಬಿದ್ದಿತ್ತು. ಕೀಟನಾಶಕವಾ? ಹೊಸ ವೈರಸ್ಸಾ? ಹೆಚ್ಚಿನವರ ಅನುಮಾನ ವೈರಸ್ ಮೇಲಿತ್ತು. ಹುಡುಕಿದವರಿಗೆ ವೈರಸ್ ಸಿಗಲಿಲ್ಲ.

ಹಕ್ಕಿಯನ್ನ ಬಲ್ಲವರ ಕೆಲಸ ಇಲ್ಲಿಗೆ ನಿಂತುಹೋಗ್ತಿತ್ತು. ಮುಂದಕ್ಕೆ ಹೋಗಿದ್ದು ಬೇರೆಯವರು ಸೇರಿಕೊಂಡಿದ್ದರಿಂದ.

2000ನೇ ಇಸವಿಯಲ್ಲಿ ಪಾಕಿಸ್ತಾನದ ಪಂಜಾಬಿನಲ್ಲಿ ಲಿಂಡ್ಸೆ ಓಕ್ಸ್ ಅನ್ನೋ ಅಮೆರಿಕದ ಪಶುರೋಗತಜ್ಞರ ತಂಡ ಸತ್ತ ಹದ್ದುಗಳನ್ನ ಕೊಯ್ದು ನೋಡೋಕೆ ಶುರು ಮಾಡಿತು. ಒಳಗೆ ಕರುಳು, ಯಕೃತ್ತಿನ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ. ಅದು ಯೂರಿಕ್ ಆಮ್ಲ. ಅಂದ್ರೆ ಮೂತ್ರಪಿಂಡ ಕೆಟ್ಟಿದೆ. ಭಾರ ಲೋಹ, ಕೀಟನಾಶಕ, ರೋಗಾಣು ಎಲ್ಲಾ ಪರೀಕ್ಷೆ ಆಯ್ತು. ಏನೂ ಇಲ್ಲ.

ಆಮೇಲೆ ಅವರು ಮಾಡಿದ ಕೆಲಸ ಕೇಳಿದ್ರೆ ಇಷ್ಟೇನಾ ಅನ್ನಿಸುತ್ತೆ. ಹದ್ದು ತಿನ್ನೋದು ದನ. ಹಾಗಾದ್ರೆ ದನಕ್ಕೆ ಏನು ಕೊಡ್ತಿದ್ದಾರೆ? ಸುತ್ತಮುತ್ತಲಿನ ಪಶುವೈದ್ಯರನ್ನ, ಔಷಧಿ ಅಂಗಡಿಯವರನ್ನ ಕೇಳಿದರು. ಇತ್ತೀಚೆಗೆ ಬಂದಿದ್ದು, ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರೋದು, ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದ್ದು ಯಾವುದು? ಪಟ್ಟಿಯಲ್ಲಿ ಉಳಿದ ಹೆಸರು ಒಂದೇ. ಡೈಕ್ಲೋಫೆನಾಕ್. ಯೂರಿಕ್ ಆಮ್ಲ ತುಂಬಿ ಸತ್ತ 25 ಹದ್ದುಗಳನ್ನ ಪರೀಕ್ಷಿಸಿದರೆ ಅಷ್ಟರಲ್ಲೂ ಆ ಔಷಧಿ ಇತ್ತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. 2004ರ ಆರಂಭದಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯ್ತು.

ಈಗ ನನ್ನಂಥ ಬಿ.ಕಾಂ. ಓದಿದವರ ಪ್ರಶ್ನೆ: 90ರ ದಶಕದಲ್ಲೇ ಯಾಕೆ? ಈ ಔಷಧಿ ಮನುಷ್ಯರಿಗೆ 70ರ ದಶಕದಿಂದಲೂ ಇತ್ತಲ್ಲ? ಉತ್ತರ ಪೇಟೆಂಟ್‌ನಲ್ಲಿದೆ. ಪೇಟೆಂಟ್ ಅವಧಿ ಮುಗಿದ ಮೇಲೆ ಬೇರೆ ಕಂಪನಿಗಳೂ ತಯಾರಿಸಿದವು, ಬೆಲೆ ಬಿತ್ತು, ದನಕ್ಕೂ ಕೈಗೆಟುಕಿತು. ಕುಂಟೋ ಎತ್ತಿಗೆ, ಕೆಚ್ಚಲು ಬಾವು ಬಂದ ಹಸುಗೆ ಒಂದು ಇಂಜೆಕ್ಷನ್. ರೈತನ ತಪ್ಪೇನಿದೆ ಹೇಳಿ? ಅವನು ತನ್ನ ಹಸು ನೋವು ಪಡಬಾರದು ಅಂತ ಕೊಟ್ಟಿದ್ದು. ದನಕ್ಕೂ ಅದರಿಂದ ತೊಂದರೆಯಿಲ್ಲ. ಆದರೆ ಆ ದನವನ್ನ ತಿನ್ನೋ ಹಕ್ಕಿಗೆ ಏನಾಗುತ್ತೆ ಅನ್ನೋದು ಪಶುವೈದ್ಯರ ಪಾಠದಲ್ಲೂ ಇರಲಿಲ್ಲ, ಪಕ್ಷಿತಜ್ಞರ ಪಾಠದಲ್ಲೂ ಇರಲಿಲ್ಲ.

"ಎಷ್ಟು ದನಕ್ಕೆ ತಾನೇ ಇಂಜೆಕ್ಷನ್ ಕೊಡ್ತಾರೆ, ಅಷ್ಟಕ್ಕೇ ಇಷ್ಟೊಂದು ಹದ್ದು ಸಾಯುತ್ತಾ?" ಅನ್ನೋ ಅನುಮಾನ ಬರೋದು ಸಹಜ. ಇದಕ್ಕೆ ಲೆಕ್ಕ ಬಲ್ಲವರು ಬೇಕಾಯ್ತು. ಒಂದು ಶವಕ್ಕೆ ಹತ್ತಾರು ಹದ್ದು ಇಳಿಯುತ್ತೆ. ಒಂದು ಜೋಡಿ ವರ್ಷಕ್ಕೆ ಇಡೋದು ಒಂದೇ ಮೊಟ್ಟೆ. ಲೆಕ್ಕ ಹಾಕಿ ನೋಡಿದರೆ, 100 ಶವಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಸಾಕಿತ್ತು. 1992ರಿಂದ 2007ರ ಒಳಗೆ ಭಾರತದ ಬಿಳಿಬೆನ್ನಿನ ರಣಹದ್ದು 99.9% ಕುಸಿಯಿತು. ಸಾವಿರ ಇದ್ದ ಕಡೆ ಒಂದು ಉಳಿದ ಹಾಗೆ.

ನಿಷೇಧಿಸಿ ಅಂತ ಹೇಳೋದು ಸುಲಭ. ಹಸುವಿನ ನೋವಿಗೆ ಬದಲಿ ಏನು? ಅದನ್ನ ಹುಡುಕಿದ್ದು ಔಷಧಶಾಸ್ತ್ರದವರು. ಮೆಲಾಕ್ಸಿಕ್ಯಾಮ್ ಅನ್ನೋ ಔಷಧಿ ಹದ್ದಿಗೆ ಹಾನಿ ಮಾಡಲ್ಲ ಅಂತ ದಕ್ಷಿಣ ಆಫ್ರಿಕಾ ಮತ್ತು ಭಾರತದಲ್ಲಿ ಪರೀಕ್ಷಿಸಿ ತೋರಿಸಿದರು. 2006ರಲ್ಲಿ ಪಶುಗಳಿಗೆ ಡೈಕ್ಲೋಫೆನಾಕ್ ತಯಾರಿಸೋದನ್ನ ಭಾರತ ನಿಲ್ಲಿಸಿತು. ಆದರೂ ಮನುಷ್ಯರ ಹೆಸರಲ್ಲಿ ಬರ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರ್ತಿದ್ದವು. 2015ರಲ್ಲಿ ಅದಕ್ಕೂ ತಡೆ ಬಿತ್ತು, ಒಂದೇ ಡೋಸಿನ ಸಣ್ಣ ಬಾಟಲಿ ಮಾತ್ರ ಅಂತ. ಹದ್ದಿಗೆ ಅಷ್ಟೇ ಅಪಾಯವಾದ ಕೀಟೋಪ್ರೊಫೇನ್, ಅಸೆಕ್ಲೋಫೆನಾಕ್ ಪಶುಗಳಿಗೆ ನಿಷೇಧವಾಗಿದ್ದು 2023ರಲ್ಲಿ.

ಈಗ ಅಜ್ಜಿಯ "ಬರೀ ನಾಯಿ"ಗೆ ಬರೋಣ. ನಾನು ಓದ್ತಿದ್ದೆ ಅಂದ್ನಲ್ಲ, ಅದು ಇಬ್ಬರು ಅರ್ಥಶಾಸ್ತ್ರಜ್ಞರು, ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್, ಪ್ರಕಟಿಸಿದ ಅಧ್ಯಯನ. ಹದ್ದುಗಳು ಬಾಳಲು ತಕ್ಕ ಜಿಲ್ಲೆಗಳನ್ನ ಉಳಿದ ಜಿಲ್ಲೆಗಳ ಜೊತೆ ಹೋಲಿಸಿದರು. ಹದ್ದು ಹೋದ ಕಡೆ ಶವ ಕೊಳೆಯಿತು, ನೀರು ಕೆಟ್ಟಿತು, ಬೀದಿನಾಯಿ ಹೆಚ್ಚಿತು, ರೇಬಿಸ್ ಲಸಿಕೆ ಮಾರಾಟ ಏರಿತು. ಮನುಷ್ಯರ ಸಾವಿನ ಪ್ರಮಾಣ 4%ಗಿಂತ ಹೆಚ್ಚಾಯಿತು. 2000ದಿಂದ 2005ರ ಅವಧಿಗೆ ಅವರ ಅಂದಾಜು, ಸುಮಾರು 5 ಲಕ್ಷ ಹೆಚ್ಚುವರಿ ಸಾವು.

ಇದನ್ನ ಓದಿ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಮೂರು ವರ್ಷ ಕಾಸ್ಟ್ ಅಕೌಂಟಿಂಗ್ ಓದಿದವನು ನಾನು. ದುಡ್ಡು ಕೊಡದೆ ಸಿಗೋ ಸೇವೆಗೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಹದ್ದು ಬಿಲ್ ಕೊಡ್ತಿರಲಿಲ್ಲ, ಹಾಗಾಗಿ ಅದು ಮಾಡ್ತಿದ್ದ ಕೆಲಸ ಯಾರಿಗೂ ಕಾಣಲಿಲ್ಲ. ಕಾಡು, ಪ್ರಾಣಿ ಉಳಿಸೋದು ವಿಜ್ಞಾನ ಓದಿದವರ ಕೆಲಸ ಅಂತ ನಾನು ಪಿಯುಸಿಯಲ್ಲೇ ತೀರ್ಮಾನ ಮಾಡ್ಕೊಂಡಿದ್ದೆ. ಆ ಸಾವುಗಳನ್ನ ಎಣಿಸಿ ತೋರಿಸಿದ್ದು ನನ್ನದೇ ಕಡೆಯವರು ಅಂತ ಗೊತ್ತಾದಾಗ ಖುಷಿಗಿಂತ ನಾಚಿಕೆ ಆಯ್ತು.

ವಾಪಸ್ ಬರುವಾಗ ರಾಮನಗರದಲ್ಲಿ ಇಳಿದೆ. 'ಶೋಲೆ' ಚಿತ್ರೀಕರಣ ಆದ ಬಂಡೆಗಳು ಎಲ್ಲರಿಗೂ ಗೊತ್ತು. ಅಲ್ಲೇ ಇರೋ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಉದ್ದಕೊಕ್ಕಿನ ರಣಹದ್ದುಗಳು ಬಂಡೆಯ ಸಂದಿಯಲ್ಲಿ ಗೂಡು ಕಟ್ಟುತ್ತವೆ. ಇರೋದು ಬೆರಳೆಣಿಕೆಯಷ್ಟು. ಎರಡು ಗಂಟೆ ಕಾದ ಮೇಲೆ ಒಂದು ಕಾಣಿಸ್ತು. ರೆಕ್ಕೆ ಬಡಿಯದೆ ಒಂದು ಸುತ್ತು ಹಾಕಿ ಬಂಡೆ ಹಿಂದೆ ಮರೆಯಾಯ್ತು. ಅಜ್ಜಿಗೆ ಫೋನ್ ಮಾಡಿ ಹೇಳಿದೆ. "ಒಂದೇನಾ?" ಅಂದ್ರು.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ದನ ಇದ್ರೆ, ಮುಂದಿನ ಸಲ ಡಾಕ್ಟರ್ ನೋವಿನ ಇಂಜೆಕ್ಷನ್ ಕೊಡುವಾಗ ಯಾವುದು ಅಂತ ಕೇಳಿ, ಮೆಲಾಕ್ಸಿಕ್ಯಾಮ್ ಆಗುತ್ತಾ ಅಂತಲೂ ಕೇಳಿ. ಅಜ್ಜಿಯ ಮುಲಾಮು ಅಜ್ಜಿಗೇ ಇರಲಿ, ಕೊಟ್ಟಿಗೆಗೆ ಬೇಡ. ಮುಂದಿನ ವಾರ ಸಿಗೋಣ.