ಮರಕ್ಕೆ ತೆರಿಗೆ, ಬಟ್ಟಿಗೆ ಮಾಪಕ: ಧಾರವಾಡ ಸೀಮೆಯ ಅಬಕಾರಿಯಲ್ಲಿ ಹೈಡ್ರೋಮೀಟರ್

ಮನೆಯಲ್ಲಿ ಮೊದಲ ಸಲ ಬಿಯರ್ ಮಾಡುವವರಿಗೆ ಕೈಪಿಡಿಗಳು ಕೊಡುವ ಕಟ್ಟಪ್ಪಣೆ ಒಂದೇ: ಈಸ್ಟ್ ಹಾಕುವ ಮುನ್ನ ಮಾಲ್ಟ್ ರಸದಲ್ಲಿ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೇಲಿಬಿಟ್ಟು ಅಂಕಿ ಬರೆದುಕೊಳ್ಳಬೇಕು. ಮೊದಲು 1.048, ಹುದುಗು ನಿಂತ ಮೇಲೆ 1.010 ಇದ್ದರೆ, ವ್ಯತ್ಯಾಸವನ್ನು 131.25ರಿಂದ ಗುಣಿಸಿದಾಗ ಶೇ. 5ರಷ್ಟು ಮದ್ಯಸಾರ ಎಂದು ತಿಳಿಯುತ್ತದೆ. ಮೊದಲ ಅಂಕಿ ತಪ್ಪಿದರೆ ಲೆಕ್ಕವೇ ಇಲ್ಲ. ಹೆಂಡಕ್ಕೆ ಹೊಸದಲ್ಲದ ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಈ ಮೊದಲ ಅಂಕಿಗೆ ಜಾಗವೇ ಇರಲಿಲ್ಲ. ಕಾರಣ ಅರ್ಧ ಮರದಲ್ಲಿದೆ, ಅರ್ಧ ಕಾನೂನಿನಲ್ಲಿ.

ಇಂಗ್ಲೆಂಡಿನಲ್ಲಿ ಬಿಯರಿಗೆ ಈ ಉಪಕರಣವನ್ನು ಮೊದಲು ಹಿಡಿದವರು ತಯಾರಕರೇ. ಜೇಮ್ಸ್ ಬೇವರ್‌ಸ್ಟಾಕ್ 1770ರ ಹೊತ್ತಿಗೆ ಅಪ್ಪನ ಕಣ್ಣು ತಪ್ಪಿಸಿ ಅದನ್ನು ರಸದಲ್ಲಿ ಅದ್ದಿ ನೋಡಿದ. ಜಾನ್ ರಿಚರ್ಡ್‌ಸನ್ 1784ರಲ್ಲಿ ಈ ಅಳತೆಯನ್ನು ಪುಸ್ತಕವಾಗಿಸಿದ. ಒಂದೇ ತೂಕದ ಮಾಲ್ಟಿನಿಂದ ಯಾರು ಹೆಚ್ಚು ಸಕ್ಕರೆ ಇಳಿಸುತ್ತಾರೆ ಎಂಬ ವ್ಯಾಪಾರಿ ಲೆಕ್ಕ ಅವರದು. ಬಿಯರಿನ ಅಳತೆಗೆ ಸರಕಾರ ಬಂದದ್ದು ತಡವಾಗಿ. 1880ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಮಾಲ್ಟಿನ ತೆರಿಗೆ ತೆಗೆದು, 1.057 ಸಾಂದ್ರತೆಯ ರಸವನ್ನು ಮಾನದಂಡವಾಗಿಟ್ಟು ಬಿಯರಿಗೇ ಸುಂಕ ಹಾಕಿದ.

ಅದಕ್ಕೆ ಎರಡು ವರ್ಷ ಮೊದಲು, 1878ರಲ್ಲಿ, ಮುಂಬಯಿ ಅಬಕಾರಿ ಕಾಯ್ದೆ ಬಂದಿತ್ತು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಶೇಂದಿಗೆ ಈ ಕಾಯ್ದೆ ಕಂಡುಕೊಂಡ ದಾರಿ ಸರಳ: ಕೆತ್ತಿದ ಮರಗಳನ್ನು ಎಣಿಸಿ, ಮರಕ್ಕಿಷ್ಟೆಂದು ತೆರಿಗೆ ಹಾಕುವುದು. ಇದನ್ನು ಆಡಳಿತದ ಸೋಮಾರಿತನ ಎನ್ನಲಾಗದು. ಈಚಲಿನ ರಸ ಗಡಿಗೆಗೆ ಹನಿಯುತ್ತಿರುವಾಗಲೇ ಗಡಿಗೆಗೆ ಅಂಟಿದ ಹಳೆಯ ಈಸ್ಟ್ ಕೆಲಸಕ್ಕಿಳಿಯುತ್ತದೆ. ಸಂಜೆ ಕಟ್ಟಿದ ಗಡಿಗೆಯನ್ನು ಬೆಳಗ್ಗೆ ಇಳಿಸುವಷ್ಟರಲ್ಲಿ ಒಂದಿಷ್ಟು ಸಕ್ಕರೆ ಮದ್ಯಸಾರವಾಗಿರುತ್ತದೆ. ಗಡಿಗೆಯ ಒಳಗೆ ಸುಣ್ಣ ಬಳಿದರೆ ಹುದುಗು ತಡೆದು ನೀರಾ ಸಿಗುತ್ತದೆ, ಸರಿ. ಶೇಂದಿಗೆ ಮಾತ್ರ ‘ಈಸ್ಟಿಗೆ ಮುಂಚೆ’ ಎಂಬ ಗಳಿಗೆಯೇ ಇಲ್ಲ. ಮಾಪಕ ಇಲ್ಲಿ ಏನನ್ನು ಅಳೆಯಬೇಕಿತ್ತು?

ಬಟ್ಟಿ ಇಳಿಸಿದ ಸರಾಯಿಯ ಕತೆ ಬೇರೆ. ನೀರು ಬೆರೆಸಿದರೆ ಸುಂಕ ಹೇಗೆ? ಗಟ್ಟಿ ಸರಕು ಹೊರಬಿದ್ದರೆ ಹೇಗೆ? ಇದಕ್ಕೆ ಉತ್ತರವಾಗಿ ಬಂದದ್ದು ಬಾರ್ಥೊಲೊಮ್ಯೂ ಸೈಕ್ಸನ ಹೈಡ್ರೋಮೀಟರ್. ಬ್ರಿಟನ್ನು 1816ರಲ್ಲಿ ಅದನ್ನು ಕಾನೂನಿನ ಮಾಪಕವಾಗಿ ಒಪ್ಪಿಕೊಂಡಿತ್ತು. ಇದು ಗಾಜಿನದಲ್ಲ, ಹಿತ್ತಾಳೆಯ ಗುಂಡು; ಮೇಲೆ 0ಯಿಂದ 10ರವರೆಗೆ ಗೀಟು ಕೊರೆದ ಚಪ್ಪಟೆ ಕಡ್ಡಿ. ಜತೆಗೆ 10ರಿಂದ 90ರ ತನಕ ಅಂಕಿ ಹಾಕಿದ ಒಂಬತ್ತು ತೂಕಗಳು. ಸರಾಯಿಯ ಮಟ್ಟ ಕಡ್ಡಿಯ ಗೀಟುಗಳ ನಡುವೆ ನಿಲ್ಲುವಂತೆ ತಕ್ಕ ತೂಕ ಸಿಕ್ಕಿಸಿ, ಗೀಟಿನ ಅಂಕಿಯನ್ನು ತೂಕದ ಅಂಕಿಗೆ ಕೂಡಿಸಿ, ತಾಪಮಾನ ನೋಡಿ ಕೋಷ್ಟಕ ತೆರೆಯಬೇಕು. ಬರುವ ಉತ್ತರ ‘ಪ್ರೂಫ್’ ಲೆಕ್ಕದಲ್ಲಿ. 51 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಅಷ್ಟೇ ಗಾತ್ರದ ಶುದ್ಧ ನೀರಿನ 12/13ರಷ್ಟು ತೂಗುವ ದ್ರವವೇ ಪ್ರೂಫ್. ಅಂದರೆ ಗಾತ್ರದಲ್ಲಿ ಶೇ. 57.1 ಮದ್ಯಸಾರ. ಮುಂಬಯಿ ಪ್ರಾಂತದಲ್ಲಿ ದೇಶಿ ಸರಾಯಿಯ ದರ್ಜೆಗಳನ್ನು ‘25 ಅಂಡರ್ ಪ್ರೂಫ್’, ‘60 ಅಂಡರ್ ಪ್ರೂಫ್’ (ಪ್ರೂಫಿಗಿಂತ ಶೇ. 25, ಶೇ. 60 ಕಡಿಮೆ) ಎಂದೇ ಗುರುತಿಸುತ್ತಿದ್ದರು.

51 ಫ್ಯಾರನ್‌ಹೀಟ್ ಅಂದರೆ ಸುಮಾರು 10.5 ಸೆಲ್ಸಿಯಸ್. ಅಂಥ ಚಳಿ ಧಾರವಾಡಕ್ಕೆ ಅಪರೂಪ. ಕೋಷ್ಟಕ ಬದಿಗಿರದೆ ಗತಿಯಿಲ್ಲ. ಇಂದಿನ ಗಾಜಿನ ಮಾಪಕಕ್ಕೂ ಇದೇ ಪಾಡು. 20 ಡಿಗ್ರಿಗೆ ಹೊಂದಿಸಿದ್ದನ್ನು 30 ಡಿಗ್ರಿಯ ರಸದಲ್ಲಿ ಬಿಟ್ಟರೆ ನಿಜವಾದ 1.050 ಸುಮಾರು 1.047 ಎಂದು ಕಾಣುತ್ತದೆ.

ಮುಂದಿನದು ಚುಟುಕು. 1949ರ ಮುಂಬಯಿ ಪಾನನಿಷೇಧ ಕಾಯ್ದೆ ಧಾರವಾಡಕ್ಕೂ ಅನ್ವಯಿಸಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹೀಗಾಗಿ ಹುಬ್ಬಳ್ಳಿಯ ಅಡುಗೆಮನೆಯಲ್ಲಿ ಆ ಮೊದಲ ಅಂಕಿ ಬರೆದುಕೊಳ್ಳಲು ಇಂದಿಗೂ ಕಾನೂನಿನ ಆಸ್ಪದವಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸರಾಯಿಯೂ ನಿಂತಿತು.

ಸೈಕ್ಸನ ಲೆಕ್ಕ ಮಾತ್ರ ನಿಂತಿಲ್ಲ. ಇಂದು ಮಾರಾಟವಾಗುವ ದೇಶಿ ವಿಸ್ಕಿ, ರಮ್ಮುಗಳ ಲೇಬಲ್ಲಿನಲ್ಲಿ ಕಾಣುವ ಶೇ. 42.8 ಎಂಬ ವಿಚಿತ್ರ ಅಂಕಿ 57.1ರ ಮುಕ್ಕಾಲು ಭಾಗ, ಅಂದರೆ ಹಳೆಯ ‘25 ಅಂಡರ್ ಪ್ರೂಫ್’.