ಬೆಳಕನ್ನು ಅಳೆಯಲು ಹೊರಟವರು

ಲೋಲಕದ ಪ್ರಯೋಗವನ್ನು ನೀವು ಮಾಡಿಯೇ ಇರುತ್ತೀರಿ. ದಾರದ ಉದ್ದವೊಂದನ್ನೇ ಬದಲಿಸಿ, ಉಳಿದುದನ್ನು ಸ್ಥಿರವಾಗಿಟ್ಟು ಆವರ್ತಕಾಲವನ್ನು ಅಳೆಯುತ್ತೇವೆ. ತನ್ನನ್ನು ಯಾರೋ ಗಮನಿಸುತ್ತಿದ್ದಾರೆ ಎಂಬುದು ಲೋಲಕದ ಗುಂಡಿಗೆ ತಿಳಿಯದು. ಪ್ರಯೋಗಕ್ಕೆ ಒಳಗಾಗುವವರು ಮನುಷ್ಯರೇ ಆದರೆ? ದುಡಿಯುವವರಲ್ಲಿ ಸಂಬಳದ ಹೊರತಾಗಿ ಹುರುಪು ತುಂಬುವುದು ಯಾವುದು ಎಂಬ ಚರ್ಚೆಯಲ್ಲಿ ಹಾಥಾರ್ನ್ ಪ್ರಯೋಗಗಳ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಅವು ಆರಂಭವಾದದ್ದು ಬೆಳಕಿನ ಬಗೆಗಿನ ಒಂದು ಸರಳ ಪ್ರಶ್ನೆಯಿಂದ.

ಅಮೆರಿಕದ ಷಿಕಾಗೊ ನಗರಕ್ಕೆ ತಗುಲಿದ ಸಿಸೆರೊದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಿತ್ತು. ಅಲ್ಲಿ ಟೆಲಿಫೋನ್ ಉಪಕರಣಗಳು ತಯಾರಾಗುತ್ತಿದ್ದವು. ದೀಪದ ಬೆಳಕು ಹೆಚ್ಚಿದರೆ ಉತ್ಪಾದನೆಯೂ ಹೆಚ್ಚುವುದೇ ಎಂದು ತಿಳಿಯಲು 1924ರಲ್ಲಿ ಪರೀಕ್ಷೆಗಳು ಶುರುವಾದವು. ಫಲಿತಾಂಶ ಗೊಂದಲ ಹುಟ್ಟಿಸಿತು. ಬೆಳಕು ಹೆಚ್ಚಿಸಿದ ಗುಂಪಿನಂತೆಯೇ ಬದಲಿಸದ ಗುಂಪಿನಲ್ಲೂ ಉತ್ಪಾದನೆ ಏರಿತೆಂದು ವರದಿಯಾಯಿತು.

ಹಾಗಾದರೆ ಕಾರಣ ಬೇರೇನೋ ಇರಬೇಕಲ್ಲವೇ? 1927ರಲ್ಲಿ ರಿಲೇ ಜೋಡಿಸುವ ಐವರು ಯುವತಿಯರನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಲಾಯಿತು. ನಡುವೆ ವಿರಾಮ ಕೊಟ್ಟರು, ತಿಂಡಿ ಕೊಟ್ಟರು, ಕೆಲಸದ ಅವಧಿ ತಗ್ಗಿಸಿದರು, ಅವರ ಅಭಿಪ್ರಾಯ ಕೇಳಿದರು. ಎರಡು ವರ್ಷಗಳಲ್ಲಿ ಉತ್ಪಾದನೆ ಸುಮಾರು ಶೇ. 30ರಷ್ಟು ಏರಿತು. 1928ರಿಂದ ಈ ಅಧ್ಯಯನದಲ್ಲಿ ತೊಡಗಿದ ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್ಟನ್ ಮೇಯೊ, ಗುಂಪಿನ ಒಡನಾಟ ಮತ್ತು ಮೇಲಿನವರ ಆಸ್ಥೆಯೇ ಇದಕ್ಕೆ ಮುಖ್ಯ ಕಾರಣವೆಂದು ಬಗೆದರು.

ಆದರೆ ಬದಲಾದ ಚರಗಳನ್ನು ನೀವೇ ಎಣಿಸಿ ನೋಡಿ. ಮೊದಲು ದೊಡ್ಡ ಗುಂಪಿನ ಒಟ್ಟು ಉತ್ಪಾದನೆಯ ಮೇಲೆ ಕೂಲಿ ಲೆಕ್ಕವಾಗುತ್ತಿತ್ತು. ಹೊಸ ಕೋಣೆಯಲ್ಲಿ ಐವರದಷ್ಟೇ ಲೆಕ್ಕ. ಹೆಚ್ಚು ಮಾತಾಡುತ್ತಾರೆ, ಸಹಕರಿಸುವುದಿಲ್ಲ ಎಂಬ ಕಾರಣಕ್ಕೆ 1928ರ ಜನವರಿಯಲ್ಲಿ ಇಬ್ಬರನ್ನು ತೆಗೆದು, ಬೇರೆ ಇಬ್ಬರನ್ನು ತಂದರು. ಇನ್ನೊಂದು ಗುಂಪಿನಲ್ಲಿ ಕೂಲಿಯ ಲೆಕ್ಕವನ್ನಷ್ಟೇ ಬದಲಿಸಿದಾಗ ಉತ್ಪಾದನೆ ಸುಮಾರು ಶೇ. 12ರಷ್ಟು ಹೆಚ್ಚಿತು, ಹಳೆಯ ಲೆಕ್ಕಕ್ಕೆ ಮರಳಿದಾಗ ಇಳಿಯಿತು. ಅಂದಮೇಲೆ ಹಣ ನಗಣ್ಯವೆನ್ನುವಂತಿಲ್ಲ.

ಹಣವೊಂದೇ ಸಾಕೆನ್ನುವಂತೆಯೂ ಇಲ್ಲ. 1931-32ರಲ್ಲಿ ತಂತಿ ಜೋಡಿಸುವ 14 ಗಂಡಸರನ್ನು ಗಮನಿಸಲಾಯಿತು. ಹೆಚ್ಚು ದುಡಿದರೆ ಹೆಚ್ಚು ಕೂಲಿ ಸಿಗುತ್ತಿತ್ತು. ಆದರೂ ದಿನಕ್ಕೆ ಇಷ್ಟೇ ಎಂದು ಅವರು ತಮ್ಮಲ್ಲೇ ಮಿತಿ ಹಾಕಿಕೊಂಡಿದ್ದರು. ಮಿತಿ ಮೀರಿದವನಿಗೆ ಗೆಳೆಯರಿಂದ ಗೇಲಿ, ತೋಳಿಗೊಂದು ಗುದ್ದು! ಕೆಲಸ ಹೆಚ್ಚಾದರೆ ಕೂಲಿಯ ದರ ಇಳಿದೀತು, ಕೆಲವರ ಕೆಲಸವೇ ಹೋದೀತು ಎಂಬುದು ಅವರ ಭಯ. ಅದು ಮಹಾ ಆರ್ಥಿಕ ಕುಸಿತದ ಕಾಲ. ಮಾಲೀಕರ ಮೇಲೆ ನಂಬಿಕೆಯಿಲ್ಲದಾಗ ಹೆಚ್ಚಿನ ಕೂಲಿಯ ಆಸೆಯೂ ಕೆಲಸ ಮಾಡಲಿಲ್ಲ.

ಇನ್ನು ಬೆಳಕಿನ ಮೂಲ ಪ್ರಯೋಗ? ಕಳೆದುಹೋಗಿವೆ ಎಂದುಕೊಂಡಿದ್ದ ಅದರ ಅಂಕಿ ಅಂಶಗಳು ಸಿಕ್ಕವು. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ 2011ರಲ್ಲಿ ಅವುಗಳ ವಿಶ್ಲೇಷಣೆ ಪ್ರಕಟಿಸಿದರು. ದೀಪಗಳನ್ನು ಬದಲಿಸುತ್ತಿದ್ದುದು ಭಾನುವಾರ. ಬೆಳಕು ಬದಲಾಗಲಿ ಬಿಡಲಿ, ಶನಿವಾರಕ್ಕಿಂತ ಸೋಮವಾರ ಉತ್ಪಾದನೆ ಹೆಚ್ಚೇ ಇರುತ್ತಿತ್ತು!

ನಿಮ್ಮ ಶಾಲೆಯಲ್ಲಿ ಹೊಸ ಬೋಧನಾ ಕ್ರಮ ತಂದಾಗ ಮಕ್ಕಳ ಅಂಕಗಳು ಏರಬಹುದು. ಏರಿಸಿದ್ದು ಆ ಕ್ರಮವೇ, ನೀವು ತೋರಿದ ಆಸ್ಥೆಯೇ, ಅಥವಾ ಪರೀಕ್ಷೆ ನಡೆದ ದಿನವೇ? ಹಳೆಯ ಕ್ರಮದಲ್ಲೇ ಕಲಿಯುವ ಇನ್ನೊಂದು ತರಗತಿಯ ಅಂಕಗಳನ್ನೂ ಪಕ್ಕದಲ್ಲಿಟ್ಟು ನೋಡಿ.