ಮೆಕ್ಯಾನೋ ಪೆಟ್ಟಿಗೆ ಮತ್ತು ಪುಸ್ತಕದ ಕಪಾಟು

ಇಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕನ್ನಡ ಸಾಹಿತ್ಯದ ವಿಳಾಸ ಯಾವುದೆಂದು ನೋಡಿದ್ದೀರಾ? ಡ್ಯೂಯಿ ಪದ್ಧತಿಯಲ್ಲಿ ಅದು 894.814. ಇಂಗ್ಲಿಷಿಗೆ 820ರ ಇಡೀ ಬೀದಿ, ನಮಗೆ 'ಇತರ ಭಾಷೆಗಳು' ಎಂಬ 890ರ ಹಿತ್ತಿಲಲ್ಲೊಂದು ಮೂಲೆ. 1876ರಲ್ಲಿ ಮೆಲ್ವಿಲ್ ಡ್ಯೂಯಿ ಜ್ಞಾನವನ್ನೆಲ್ಲ ಹತ್ತು ಹತ್ತಾಗಿ ಪಾಲು ಮಾಡಿದಾಗ ಅವನ ಕಣ್ಣ ಮುಂದಿದ್ದದ್ದು ಅಮೆರಿಕದ ಒಂದು ಕಾಲೇಜಿನ ಪುಸ್ತಕಗಳು. ಅವನನ್ನು ದೂರಿ ಫಲವಿಲ್ಲ.

ಮದರಾಸಿನಲ್ಲಿ ಗಣಿತದ ಮೇಷ್ಟರಾಗಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮಾತಿಲ್ಲದ ಆ ಕೋಣೆ ಬೇಸರ ತಂದು, ಮತ್ತೆ ಪಾಠಕ್ಕೇ ಮರಳಲು ಹವಣಿಸಿದ್ದರಂತೆ. ಓದಲೆಂದು ಲಂಡನ್ನಿಗೆ ಹೋದಾಗ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆ ಕಂಡರು. ಅವೇ ಪಟ್ಟಿ, ಅವೇ ತಿರುಪು. ಜೋಡಿಸಿದಂತೆ ಬೇರೆ ಬೇರೆ ಯಂತ್ರ. ವಿಷಯಗಳನ್ನೂ ಹೀಗೇಕೆ ಕಟ್ಟಬಾರದು? 1933ರಲ್ಲಿ ಅವರ ಕೋಲನ್ ವರ್ಗೀಕರಣ ಅಚ್ಚಾಯಿತು. ಅದರಲ್ಲಿ ಸಿದ್ಧ ಖಾನೆಗಳ ಪಟ್ಟಿಗಿಂತ ಬಿಡಿಭಾಗಗಳೇ ಮುಖ್ಯ. ಸಾಹಿತ್ಯಕ್ಕೆ 'ಓ', ಇಂಗ್ಲಿಷಿಗೆ 111, ನಾಟಕಕ್ಕೆ 2, 1564ರಲ್ಲಿ ಹುಟ್ಟಿದವನಿಗೆ 'ಜೆ64': ಜೋಡಿಸಿದರೆ ಶೇಕ್ಸ್‌ಪಿಯರ್. ಭಾಷೆಯ ಅಂಕಿಯೊಂದನ್ನು ಬದಲಿಸಿದರೆ ಕನ್ನಡ ನಾಟಕಕ್ಕೂ ಅದೇ ಅಳತೆಯ ಮನೆ.

ಡೇಟಾಬೇಸ್ ಕೆಲಸ ಮಾಡುವ ನನಗೆ ಇಲ್ಲಿ ರೋಮಾಂಚನ. ಡ್ಯೂಯಿಯದು ಮರದ ಕೊಂಬೆ, ರಂಗನಾಥನ್‌ರದು ಟೇಬಲ್ಲಿನ ಕಾಲಂಗಳು. ಎಡ್ಗರ್ ಕಾಡ್ ಟೇಬಲ್ಲುಗಳ ಮಾದರಿ ಮಂಡಿಸಿದ್ದು 1970ರಲ್ಲಿ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೆ ತೊಡಕು ಒಂದೇ: ಪುಸ್ತಕ ನಿಲ್ಲುವುದು ಒಂದೇ ಕಡೆ, ಆದ್ದರಿಂದ ಯಾವ ಕಾಲಂ ಮೊದಲು? ಮುಂದೆ ರಂಗನಾಥನ್ ಒಂದು ಕ್ರಮ ಗೊತ್ತುಮಾಡಿದರು: ಮುಖ್ಯ ವಸ್ತು, ದ್ರವ್ಯ, ಕ್ರಿಯೆ, ದೇಶ, ಕಾಲ. ಹಲವು ಕಾಲಂಗಳ ಇಂಡೆಕ್ಸ್ ಮಾಡಿದವರಿಗೆ ಇದು ಗೊತ್ತು. ಮೊದಲ ಕಾಲಂ ಹಿಡಿದು ಕೇಳಿದರೆ ಉತ್ತರ ಥಟ್ಟನೆ. ಬರೀ ಕಾಲ ಹಿಡಿದು ಕೇಳಿದರೆ ಕಪಾಟುಗಳನ್ನೆಲ್ಲ ಸುತ್ತಬೇಕು.

ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲೇ ದಾಖಲೀಕರಣದ ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ತೀರಿಕೊಂಡರು. ಆದರೂ ಭಾರತದ ಎಷ್ಟೋ ಗ್ರಂಥಾಲಯಗಳು ನೆಚ್ಚಿಕೊಂಡಿರುವುದು ಡ್ಯೂಯಿಯನ್ನೇ. ಅವನ ಅಂಕಿಗಳು ಚಿಕ್ಕವು, ಬೆನ್ನಿನ ಮೇಲೆ ಹಿಡಿಸುತ್ತವೆ, ಕೋಲನ್ನಿನವು ರೈಲಿನಷ್ಟುದ್ದ.

ಕಾರಂತರ 'ಯಕ್ಷಗಾನ ಬಯಲಾಟ' ನಮ್ಮ ಕೂಟದ ಕಪಾಟಿನಲ್ಲಿ ಸದ್ಯಕ್ಕೆ ಕಾದಂಬರಿಗಳ ನಡುವೆ ಕೂತಿದೆ. ಕಲೆಗೋ, ಕರಾವಳಿಗೋ, ಕಾರಂತರಿಗೋ? ಮುಂದಿನ ಸಭೆಗೆ ಬರುವವರು ಅರ್ಧ ಗಂಟೆ ಮೊದಲೇ ಬನ್ನಿ.